ಮೂತಿಗೆ ಸವರಿದ್ದು

ಬೇಯಿಸಿದ ಮೀನಿನ ಚೂರೊಂದನ್ನು ದರ್ಜಿ ಹೆಂಗಸು ಮರಿಬೆಕ್ಕಿನ ಮುಂದೆ ಹಿಡಿದೇ ಇದ್ದಳು. ಚಿಂದಿಬಟ್ಟೆಯ ಡಬ್ಬದಲ್ಲಿ ಮಲಗಿದ್ದ ಮರಿ ಮಿಸುಕಲಿಲ್ಲ. ಒದ್ದೆ ಹತ್ತಿಯಲ್ಲಿ ಎಷ್ಟು ಒರೆಸಿದರೂ ಪಿಸುರು ಕಟ್ಟಿ ಅದರ ಕಣ್ಣು ಮತ್ತೆ ಅಂಟಿಕೊಳ್ಳುತ್ತಿತ್ತು. ಇದೂ ಸಾಯುತ್ತದೇನೋ ಅಂದುಕೊಂಡಳು. ಅಳು ಬರಲಿಲ್ಲ. ಗಂಡ ತೀರಿಕೊಂಡಾಗಲೂ ಬಂದಿರಲಿಲ್ಲ.

"ಅತ್ತಿಗೇ! ಒಲೆ ಮೇಲಿನ ಮೀನು ಸೀದು ಕರಕಲಾಗಿದೆ, ವಾಸನೆ ಬೀದಿಗೆ ಬರ್ತಿದೆ!" ನಾದಿನಿ ಓಡಿಬಂದು ಒಲೆ ಆರಿಸಿದಳು. "ನಿಮಗೆ ಗೊತ್ತಾಗ್ಲೇ ಇಲ್ವಾ?"

"ಇಲ್ಲ ಕಣೇ."

ಬೆಳಿಗ್ಗೆ ತಾನು ಕೊಟ್ಟುಹೋಗಿದ್ದ ಊಟದ ಡಬ್ಬಿ ಹೊಲಿಗೆ ಮಿಷಿನ್ನಿನ ಪಕ್ಕ ಮುಚ್ಚಳ ಕೂಡ ತೆರೆಯದೆ ಕೂತಿದ್ದನ್ನು ನಾದಿನಿ ನೋಡಿದಳು. ನಿನ್ನೆಯದೂ ಹಾಗೇ ವಾಪಸಾಗಿತ್ತು. "ಮರಿ ವಿಷಯ ಡಾಕ್ಟರು ಏನಂದ್ರು?"

"ಬೆಕ್ಕಿನ ಫ್ಲೂ ಅಂತೆ. ಮೂಗು ಕಟ್ಟಿದೆ. ವಾಸನೆ ಬರದಿದ್ರೆ ಇದಕ್ಕೆ ಊಟ ಅಂತಲೇ ಗೊತ್ತಾಗಲ್ವಂತೆ. ಮೂತಿಗೆ ಸವರಿಬಿಡಿ, ತಾನಾಗೇ ನೆಕ್ಕುತ್ತೆ ಅಂದ್ರು."

"ಮತ್ತೆ ಸವರೋದು ಬಿಟ್ಟು, ಫೋಟೋ ತೋರಿಸೋ ಹಾಗೆ ದೂರ ಹಿಡ್ಕೊಂಡು ಕೂತಿದೀರಲ್ಲ!"

ಅತ್ತಿಗೆ ಮೀನನ್ನು ಹಿಸುಕಿ ಮರಿಯ ಮೂತಿಗೆ ಸವರಿದಳು. ಮರಿ ಸೀನಿತು. ಆಮೇಲೆ ಪುಟ್ಟ ನಾಲಿಗೆ ಹೊರಬಂದು ಮೂತಿಯನ್ನೊಮ್ಮೆ ನೆಕ್ಕಿ, ಅವಳ ಬೆರಳನ್ನು ಹುಡುಕಿತು.

ನಾದಿನಿ ಊಟದ ಡಬ್ಬಿ ತೆರೆದು, ಸಾರಿಗೆ ಬೆರಳು ಅದ್ದಿ ಅತ್ತಿಗೆಯ ತುಟಿಗೆ ಸವರಿದಳು. ಅವಳು ಬೇಡವೆನ್ನಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ತುಸು ಹೊತ್ತಿನ ಮೇಲೆ ನಾಲಿಗೆ ತಾನಾಗೇ ತುಟಿಗೆ ಬಂತು.

"ಉಪ್ಪೇ ಹಾಕಿಲ್ವಲ್ಲೇ," ಅಂದಳು.