ಸತ್ತ ಕರು ಎಷ್ಟು?

ಊರಿನ ಎಷ್ಟು ದನ, ಎಮ್ಮೆಗಳಿಗೆ ಲಸಿಕೆ ಆಗಿದೆ, ಎಷ್ಟು ಸತ್ತಿವೆ ಎಂದು ಬರೆದುಕೊಳ್ಳಲು ಹೋಗಿದ್ದೆ. ಮನೆಮನೆಯಲ್ಲೂ ಸುಳ್ಳು. ಕೊನೆಯ ಮನೆಯ ಹೆಂಗಸಂತೂ ಕೊಟ್ಟಿಗೆ ಬಾಗಿಲಿಗೇ ಅಡ್ಡ ನಿಂತಳು.

“ಕರು ಏನಾದ್ರೂ ಸತ್ತಿದೆಯಾ?”

“ಇಲ್ಲ ಸರ್.”

“ರೋಗ ಮುಚ್ಚಿಟ್ಟರೆ ಊರಿಗೆಲ್ಲ ಹರಡುತ್ತೆ, ಗೊತ್ತಲ್ಲ?”

“ಸತ್ತಿಲ್ಲ ಅಂದೆನಲ್ಲ! ನೋಡಿ, ಅಲ್ಲೇ ಇದೆ.”

ಒಳಗಿನ ಮಬ್ಬಿನಲ್ಲಿ ಎಮ್ಮೆ ತನ್ನ ಕರುವನ್ನು ನೆಕ್ಕುತ್ತಿತ್ತು. ನಾನು ನಂಬಲಿಲ್ಲ. ಪಕ್ಕದ ಮನೆಯದನ್ನು ತಂದು ಕಟ್ಟಿರಬಹುದು. ಅವಳು ಬೇಡ ಬೇಡ ಅಂದರೂ ಒಳಗೆ ಹೋಗಿ, ನಂಬರಿನ ಬಿಲ್ಲೆ ಇದೆಯೇ ನೋಡಲು ಕರುವಿನ ಕಿವಿ ಹಿಡಿದೆ. ಅದರ ಕತ್ತಿನ ಹೊಲಿಗೆ ಬಿಚ್ಚಿಕೊಂಡು, ಚರ್ಮದೊಳಗೆ ತುಂಬಿದ್ದ ಒಣಹುಲ್ಲು ಉದುರಿತು.

ಅವಳು ನನ್ನನ್ನು ಹೊರಗೆ ಕರೆದು ಪಿಸುಗುಟ್ಟಿದಳು: “ಸತ್ತು ಎಂಟು ದಿನ ಆಯ್ತು ಸರ್. ಅದರ ತಾಯಿ ಎದುರಿಗೆ ಹೇಗೆ ಹೇಳೋದು?”