ಡಾಕ್ಟರ ಗೊಂಬೆ

ಊರಿನ ಕಲಾವಿದರಿಗೆ ಸಣ್ಣದೊಂದು ಅನುದಾನ ಬಂದಿತ್ತು. ಕಲೆಗೆ ಸಂಬಂಧವಿಲ್ಲದ ಸಂಸ್ಥೆಯೊಂದನ್ನು ಜೊತೆಗೆ ಸೇರಿಸಿಕೊಳ್ಳಬೇಕೆಂಬುದೇ ಷರತ್ತು. ತೊಗಲುಗೊಂಬೆ ಆಡಿಸುವ ನರಸಕ್ಕ ಸರ್ಕಾರಿ ಆಸ್ಪತ್ರೆಯನ್ನು ಆರಿಸಿಕೊಂಡಳು. ಹಿಂದೊಮ್ಮೆ ಎದೆನೋವೆಂದು ಹೋದ ಅವಳ ಗಂಡನನ್ನು ಅಲ್ಲಿನ ಡಾಕ್ಟರು, "ಸಂಜೆ ನಮ್ಮನೆ ಕ್ಲಿನಿಕ್ಕಿಗೆ ಫೀಸು ತಗೊಂಡು ಬಾ" ಎಂದು ಹೊರಗೆ ಕಳಿಸಿದ್ದರು. ಸಂಜೆಯವರೆಗೆ ಅವನು ಉಳಿಯಲಿಲ್ಲ.

ಆಟದ ಹಿಂದಿನ ದಿನ ಡಾಕ್ಟರೇ ಅವಳ ಮನೆಗೆ ಬಂದರು.

"ನನ್ನ ಮುಖದ ಗೊಂಬೆ ಮಾಡ್ತಿದ್ದೀಯಂತೆ. ರಾಕ್ಷಸ ಮಾಡ್ತೀಯೇನಮ್ಮ?"

"ಅಯ್ಯೋ ಬುಡಿ ಸಾಮಿ, ನೀವೇ ನಾಯಕ್ರು. ನೋಡಿ, ಕಿರೀಟ ಬೇರೆ ಇಕ್ಕಿದೀನಿ."

ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಹೆಸರೂ ಹೇಳು. ಮನೆ ಎಲ್ಲಿದೆ ಅಂತಾನೂ."

"ಹೇಳ್ದೆ ಇರ್ತೀನಾ ಸಾಮಿ?"

ಮರುದಿನ ಸಂಜೆ ಪರದೆಯ ಮೇಲೆ ಕಿರೀಟದ ಡಾಕ್ಟರು ತಮ್ಮ ಹೆಸರು, ಮನೆಯ ಗುರುತು ಹೇಳಿ, ಕೈಯೆತ್ತಿ ಆಣೆ ಮಾಡಿದರು: "ಇನ್ಮೇಲೆ ಬಡವರ ಹತ್ರ ಒಂದು ಪೈಸೆ ಮುಟ್ಟಲ್ಲ. ಯಾವಾಗ ಬೇಕಾದ್ರೂ ನಮ್ಮನೆ ಬಾಗಿಲಿಗೆ ಬನ್ನಿ!" ಮುಂದಿನ ಸಾಲಿನಲ್ಲಿ ಕುಳಿತಿದ್ದ ಡಾಕ್ಟರ ಕಡೆ ತಿರುಗಿ ಜನ ಚಪ್ಪಾಳೆ ತಟ್ಟಿದರು.

ಬೆಳಗಾದಾಗ ಅವರ ಗೇಟಿನೆದುರು ಸುತ್ತಲ ಹಳ್ಳಿಗಳ ರೋಗಿಗಳು ಸಾಲುಗಟ್ಟಿ ನಿಂತಿದ್ದರು, ಕೈಯಲ್ಲಿ ಫೀಸಿನ ಬದಲು ಹೂವಿನ ಹಾರ ಹಿಡಿದು.