ಹತ್ತೊಂಬತ್ತು ಜನ ತೋರಿಸಿದವನು

"ಈ ಹಾಳೆಗೆ ನಾನು ಸಹಿ ಹಾಕಲ್ಲ," ಎಂದು ಮೇಸ್ತ್ರಿ ಕಾಗದವನ್ನು ಮೇಜಿನ ಮೇಲೆ ಕುಕ್ಕಿದ. ತಗಡಿನ ಶೆಡ್ಡಿನಲ್ಲಿ ಎದುರಿಗೆ ನಿಂತಿದ್ದ ಕಾಲೇಜು ಹುಡುಗಿ ಕದಲಲಿಲ್ಲ. ಕಟ್ಟಡ ಕೆಲಸಗಾರರ ಮನಸ್ಸಿನ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುತ್ತೇನೆಂದು ಬಂದವಳನ್ನು ಅವನು ಎರಡು ಸಲ ಗೇಟಿನಿಂದಲೇ ಓಡಿಸಿದ್ದ. ಮೂರನೆಯ ಸಲ ಅವಳು ತನ್ನದೇ ಹೆಲ್ಮೆಟ್ ಹಾಕಿಕೊಂಡು, ಸರಿಯಾಗಿ ಊಟದ ಹೊತ್ತಿಗೆ ಬಂದಾಗ ಬೇಡವೆನ್ನಲು ನೆಪ ಸಿಕ್ಕಿರಲಿಲ್ಲ.

"ನೀವು ಬೇಡ ಅಂದ್ರೆ ಈ ಪುಟ ಕಿತ್ತು ಹಾಕ್ತೀನಿ ಮೇಸ್ತ್ರಿ. ಈ ಸಂಶೋಧನೇನ ಬಹುಮಾನದ ಸ್ಪರ್ಧೆಗೆ ಕಳಿಸೋಕೆ ನಾಳೆಯೇ ಕಡೇ ದಿನ. ನಿಮ್ಮನ್ನ ಕೇಳದೆ ಕಳಿಸೋಕೆ ಮನಸ್ಸು ಬರಲಿಲ್ಲ."

"ನಮ್ಮಲ್ಲಿ ತಲೆ ಕೆಟ್ಟೋರು ಯಾರೂ ಇಲ್ಲ ಅಂತ ಅವತ್ತೇ ಹೇಳಿರ್ಲಿಲ್ವಾ?"

ಹೇಳಿದ್ದು ನಿಜ. ಅವನೊಬ್ಬನೇ ಅಲ್ಲ, ಎಲ್ಲರೂ ಹಾಗೇ ಹೇಳಿದ್ದರು. ಅವಳು ಮೊದಲು "ನೀವು ಹೇಗಿದ್ದೀರಿ?" ಎಂದು ಕೇಳಿದಾಗ ಮೂವತ್ತೆರಡು ಜನವೂ "ನಮಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀವಿ" ಎಂದು ನಕ್ಕಿದ್ದರು. "ಇದರಲ್ಲಿ ಹುರುಳಿಲ್ಲ, ಕೈಬಿಡು" ಎಂದಿದ್ದರು ಅವಳ ಮೇಷ್ಟ್ರು. ಅವಳು ಕೈಬಿಡದೆ ಪ್ರಶ್ನೆಯನ್ನೇ ಬದಲಿಸಿದಳು: "ನಿಮ್ಮ ಜೊತೆ ಇರೋರಲ್ಲಿ ಯಾರನ್ನ ನೋಡಿದ್ರೆ ನಿಮಗೆ ಸಂಕಟ ಆಗುತ್ತೆ?" ಅಷ್ಟೇ, ಕಟ್ಟೆ ಒಡೆದ ಹಾಗೆ ಮಾತು ಬಂತು.

ಮೇಸ್ತ್ರಿ ಹಾಳೆಯನ್ನು ಮತ್ತೆ ಎತ್ತಿಕೊಂಡ. 'ಮೂವತ್ತೆರಡರಲ್ಲಿ ಹತ್ತೊಂಬತ್ತು ಜನ ಒಬ್ಬನನ್ನೇ ತೋರಿಸಿದರು. ಕಳೆದ ವರ್ಷ ಜೊತೆಗಾರನೊಬ್ಬ ಸಾರುವೆಯ ಹಲಗೆ ಜಾರಿ ಮೂರನೇ ಮಹಡಿಯಿಂದ ಬಿದ್ದು ಸತ್ತ. ಅಂದಿನಿಂದ ಈತ ನಿಂತೇ ಉಣ್ಣುತ್ತಾನೆ. ಎಲ್ಲರೂ ಇಳಿದ ಮೇಲೆ ಒಂದೊಂದೇ ಹಲಗೆಯನ್ನು ತುಳಿದು ನೋಡುತ್ತಾನೆ, ಕೆಳಗಿಳಿದವನು ಮತ್ತೆ ಹತ್ತಿ ಇನ್ನೊಮ್ಮೆ ತುಳಿಯುತ್ತಾನೆ. ಬಾಯಿ ಬಿಟ್ಟರೆ ಬೈಗುಳ. ಆದರೆ ಹೊಸದಾಗಿ ಸೇರಿದವನನ್ನು ಈತ ಸತ್ತವನ ಹೆಸರು ಹಿಡಿದು ಕೂಗಿದಾಗ ಯಾರೂ ತಿದ್ದುವುದಿಲ್ಲ. ಹೊಸಬನೂ ಸುಮ್ಮನೆ ಓಗೊಡುತ್ತಾನೆ.'

ಹಾಗೆ ಕೂಗುತ್ತಿದ್ದೇನೆಂಬುದೇ ಮೇಸ್ತ್ರಿಗೆ ಗೊತ್ತಿರಲಿಲ್ಲ. ದಡಬಡನೆ ಶೆಡ್ಡಿನಿಂದ ಹೊರಬಿದ್ದ. "ಯಾರ್ರೋ ಅದು ನನ್ನ ಮೇಲೆ ಚಾಡಿ ಹೇಳಿದ್ದು?"

ಸೆಂಟ್ರಿಂಗ್ ಹಲಗೆಯಿಂದ ಮೊಳೆ ಕೀಳುತ್ತಿದ್ದ ಉದ್ದಣ್ಣ ತಲೆ ಎತ್ತಲಿಲ್ಲ. "ನಾನು. ಏನೀಗ?" ಎಂದ. ಮರಳು ಜರಡಿ ಹಿಡಿಯುತ್ತಿದ್ದ ಅಕ್ಕ "ನಾನೂ" ಎಂದಳು. ಮೇಲಿನ ಮಹಡಿಯಿಂದ ಇನ್ನಿಬ್ಬರು ಕೂಗಿದರು. ಕೊನೆಗೆ ಹೊಸಬ ಕರಣೆಯನ್ನು ಬಾಂಡ್ಲಿಗೆ ಹಾಕಿ, "ನಾನೂ ಹೇಳ್ದೆ ಮೇಸ್ತ್ರಿ. ನಿಮಗೆ ಏನಾದ್ರೂ ಆದ್ರೆ ನಾವು ಯಾರ ಹತ್ರ ಬೈಸ್ಕೋಬೇಕು?" ಎಂದ.

ಮೇಸ್ತ್ರಿ ಶೆಡ್ಡಿಗೆ ವಾಪಸು ಬಂದು ಮುಖ ಒರೆಸಿಕೊಂಡು ಪೆನ್ನು ಕೇಳಿದ. "ಹಾಕ್ತೀನಿ. ಆ ಬೈಗುಳದ ಮಾತು ಮಾತ್ರ ತೆಗೆದುಬಿಡಮ್ಮ."

"ಅದೊಂದನ್ನ ಹತ್ತೊಂಬತ್ತು ಜನವೂ ಹೇಳಿದ್ದಾರೆ. ತೆಗೆಯೋಕಾಗಲ್ಲ," ಎಂದು ನಕ್ಕ ಹುಡುಗಿ, ಒಂದು ಚೀಟಿಯಲ್ಲಿ ಡಾಕ್ಟರ ವಿಳಾಸ ಬರೆದುಕೊಟ್ಟಳು. ಆ ಬುಧವಾರ ಉದ್ದಣ್ಣ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದ. ಮುಂದಿನ ಬುಧವಾರ ಮೇಸ್ತ್ರಿ ತಾನಾಗಿಯೇ ಹೋದ.

ಎರಡು ತಿಂಗಳಿಗೆ ಬಹುಮಾನದ ಸಭೆ. ಇಡೀ ಕಟ್ಟಡ ಅರ್ಧ ದಿನ ರಜೆ ಹಾಕಿ ಬಂದು ಹಿಂದಿನ ಸಾಲುಗಳಲ್ಲಿ ಕಿಕ್ಕಿರಿದಿತ್ತು. ಮೊದಲ ಬಹುಮಾನಕ್ಕೆ ಹುಡುಗಿಯ ಹೆಸರು ಕೂಗಿದ್ದೇ ತಡ, ಹಿಂದಿನಿಂದ ಎದ್ದ ಶಿಳ್ಳೆಗೆ ಮುಂದಿನ ಸಾಲಿನ ಪ್ರೊಫೆಸರುಗಳು ಕುರ್ಚಿಯಲ್ಲೇ ಹಾರಿಬಿದ್ದರು. ಫಲಕವನ್ನು ಎದೆಗವಚಿಕೊಂಡು ಅವಳು ಮೈಕಿನ ಮುಂದೆ ಆ ಪುಟವನ್ನೇ ಓದಿದಳು. ಹೆಸರು ಹೇಳಲಿಲ್ಲ.

ಅವಳು ಓದಿ ಮುಗಿಸಿದಾಗ ಮೇಸ್ತ್ರಿ ಎದ್ದು ನಿಂತ. ಉದ್ದಣ್ಣ ಅಂಗಿ ಹಿಡಿದು ಜಗ್ಗಿದರೂ ಕೂರಲಿಲ್ಲ.

"ಅದು ನಾನೇ," ಎಂದ. ಇಪ್ಪತ್ತು ವರ್ಷ ಐದನೇ ಮಹಡಿಗೆ ಕೇಳುವಂತೆ ಕೂಗಿದ ಗಂಟಲು, ಮೈಕು ಬೇಕಿರಲಿಲ್ಲ. "ಮೊದಲು ಎರಡು ಗಂಟೆ ನಿದ್ದೆ ಬರ್ತಿತ್ತು. ಈಗ ಐದು ಗಂಟೆ ಬರ್ತಿದೆ. ಬೈಯೋದು ಮಾತ್ರ ಕಮ್ಮಿ ಆಗಿಲ್ಲ."

ನಗು ಮೊದಲು ಹಿಂದಿನ ಸಾಲಿನಲ್ಲಿ ಹುಟ್ಟಿತು. ಆಮೇಲೆ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ವೇದಿಕೆಯ ಮೇಲೆ ಹುಡುಗಿ ಕೈಯಲ್ಲಿದ್ದ ಫಲಕವನ್ನು ಅವನತ್ತ ಎತ್ತಿ ಹಿಡಿದಳು. ಕೈಕಾಲು ಎಲ್ಲಿಡಬೇಕೋ ತೋಚದೆ ಮೇಸ್ತ್ರಿ ತಾನೂ ಚಪ್ಪಾಳೆ ತಟ್ಟತೊಡಗಿದ.

ಹೊರಗೆ ಗುಂಪು ಹುಡುಗಿಯನ್ನು ಸುತ್ತುವರಿದಾಗ, ಬಹುಮಾನ ಕೊಟ್ಟಿದ್ದ ಹಿರಿಯ ಎಂಜಿನಿಯರು ಮೇಸ್ತ್ರಿಯನ್ನು ಮೆಟ್ಟಿಲ ಮರೆಗೆ ಕರೆದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಆ ಡಾಕ್ಟರು ಎಲ್ಲಿ ಸಿಗ್ತಾರೆ? ನನ್ನ ಸ್ನೇಹಿತರೊಬ್ಬರಿಗೆ ಬೇಕಾಗಿತ್ತು."

ಮೇಸ್ತ್ರಿ ಅವರ ಮುಖವನ್ನು ಒಂದು ಗಳಿಗೆ ನೋಡಿದ.

"ಬುಧವಾರ ಹತ್ತು ಗಂಟೆಗೆ ಸಾರ್. ಸ್ನೇಹಿತರು ಬರದಿದ್ರೂ ಪರವಾಗಿಲ್ಲ, ನೀವು ಬನ್ನಿ. ನನ್ನ ಪಕ್ಕದ ಕುರ್ಚಿ ಹಿಡಿದಿಟ್ಟಿರ್ತೀನಿ."